ಹಸಿರು ಗೀರಿನ ಪೆನ್ನು

ಪರೇಲಿನ ಚಾಳಿನ ಕಾಶಪ್ಪ ಚಪ್ಪಲಿ ಕಳಚದೆ ಹೊಸ್ತಿಲಾಚೆಯೇ ನಿಂತು ಹೇಳಿದ: “ಕಾಕಾ, ಗದಿಗೆಪ್ಪನವರು ಹೋದ್ರರಿ. ನಸುಕಿನಾಗ ಎದಿ ಹಿಡಕೊಂಡು ಕುಂತವರು ಮತ್ತ ಏಳಲಿಲ್ಲ.”

ಮುಂಬಯಿಯ ಘಾಟ್ಕೋಪರಿನ ಆ ಒಂಟಿ ಖೋಲಿಯಲ್ಲಿ ದಾನಪ್ಪನವರು ಆಗಷ್ಟೇ ಲಿಂಗಪೂಜೆ ಮುಗಿಸಿದ್ದರು. ಎತ್ತಿಡುತ್ತಿದ್ದ ವಿಭೂತಿಗಟ್ಟಿ ಕೈಜಾರಿ ಬಿದ್ದು ಎರಡು ಹೋಳಾಯಿತು. ಗದಿಗೆಪ್ಪನ ಜೊತೆ ಅವರು ಮಾತು ಬಿಟ್ಟು ಎರಡು ವರ್ಷವಾಗಿತ್ತು.

“ನನಗ ಹೇಳಿ ಕಳಿಸ್ಯಾಳ ಶರಣವ್ವ?” ಎಂದರು, ಗದಿಗೆಪ್ಪನ ಹೆಂಡತಿಯನ್ನು ನೆನೆದು.

“ಹೌದ್ರಿ. ಊರಾಗಿನ ಅವರ ಅಣ್ಣಗ ತಾರು ಕೊಟ್ಟೀನಿ. ಉಳಿದ ಬಳಗಕ್ಕ ಕಾರ್ಡು ನೀವ ಬರೀಬೇಕಂತ.”

ಪರೇಲಿಗೆ ಹೋಗುವ ಲೋಕಲ್‌ನಲ್ಲಿ ಕೂರಲು ಜಾಗ ಸಿಗಲಿಲ್ಲ. ಕಂಬ ಹಿಡಿದು ನಿಂತ ದಾನಪ್ಪನವರ ಮೊಣಕಾಲು ನೋಯುತ್ತಿತ್ತು. ಒಂದೇ ಗಿರಣಿಯ ಆಫೀಸಿನಲ್ಲಿ, ಅಕ್ಕಪಕ್ಕದ ಮೇಜಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು ಅವರಿಬ್ಬರು. ಗದಿಗೆಪ್ಪನಿಗೆ ಬೀಡಿಯಿಲ್ಲ, ಎಲೆಅಡಿಕೆಯಿಲ್ಲ. ಇದ್ದದ್ದು ಪೆನ್ನಿನ ಹುಚ್ಚು. ಚೋರ್ ಬಜಾರಿನಲ್ಲಿ ಹಳೆಯದು, ಫೋರ್ಟ್ ಪೇಟೆಯ ಅಂಗಡಿಗಳಲ್ಲಿ ಹೊಸದು ಹುಡುಕಿ ತರುವನು. ಹಳೆಯದನ್ನು ಉಗುರುಬೆಚ್ಚನೆ ನೀರಿನಲ್ಲಿ ನೆನೆಹಾಕಿ, ಸೊಟ್ಟಾದ ನಿಬ್ಬನ್ನು ತಿದ್ದಿ, ಮಗುವಿನ ಮೈ ಒರೆಸಿದಂತೆ ಒರೆಸಿ ಪೆಟ್ಟಿಗೆಯಲ್ಲಿಡುವನು. “ಇಷ್ಟೊಂದು ಕೂಡಿಟ್ಟಿ, ಬರಿಯೋ ಕೈ ಒಂದ ಐತೆಲ್ಲೋ” ಎಂದು ದಾನಪ್ಪನವರು ಛೇಡಿಸಿದರೆ ಸುಮ್ಮನೆ ನಗುವನು. ಅಕ್ಷರ ಬಾರದ ಚಾಳಿನ ಮಂದಿಗೆಲ್ಲ ಊರಿನ ಕಾಗದ ಬರೆದುಕೊಡುತ್ತಿದ್ದವನು ಅವನೇ. ಆರು ವರ್ಷದ ಹಿಂದೆ ದಾನಪ್ಪನವರ ಹಿರಿಯ ಮಗ ಈರಣ್ಣ ವಿಷಮಜ್ವರದಲ್ಲಿ ತೀರಿಕೊಂಡಾಗ, ಅಕ್ಷರ ಬಲ್ಲ ತಂದೆಯ ಕೈ ನಡುಗಿ ನಿಂತಿತ್ತು. ಬಳಗಕ್ಕೆ ಸಾವಿನ ಸುದ್ದಿಯ ಕಾರ್ಡುಗಳನ್ನೆಲ್ಲ ಗದಿಗೆಪ್ಪ ಬರೆದಿದ್ದ.

ಅಂಥವನು ದಾನಪ್ಪನವರ ಮಗಳ ಮದುವೆಯ ಹೊತ್ತಿನಲ್ಲಿ ಹೀಗೆ ಮಾಡಿದ. ಲಗ್ನಪತ್ರಿಕೆ ಬರೆಯಲು ಬೀಗರು ಕೂಡಿದ್ದರು. ಗದಿಗೆಪ್ಪನ ಪೆಟ್ಟಿಗೆಯಲ್ಲಿದ್ದ ಹಸಿರು ಗೀರಿನ, ಬಂಗಾರದ ನಿಬ್ಬಿನ ಪೆನ್ನನ್ನು ದಾನಪ್ಪನವರು ಕೇಳಿದರು. “ಇದೊಂದು ಬ್ಯಾಡ ದಾನಪ್ಪ, ಹೊಸಾದು ತಂದುಕೊಡ್ತೀನಿ” ಎಂದು ಅವನು ಮುಚ್ಚಳ ಹಾಕಿಬಿಟ್ಟ. “ಜೀವಾ ಕೇಳಿಲ್ಲೋ ನಿನ್ನ, ಪೆನ್ನು ಕೇಳೀನಿ!” ಎಂದು ದಾನಪ್ಪನವರು ಎಲ್ಲರೆದುರು ಕೂಗಾಡಿದರು. ಮರುದಿನ ಅವನು ತಂದ ಹೊಸ ಪೆನ್ನನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿದರು. ಮದುವೆಗೆ ಬಂದು ಕೊನೆಯ ಪಂಕ್ತಿಯಲ್ಲಿ ಉಂಡು, ಅಕ್ಷತೆ ಹಾಕಿ ಹೋದವನನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ.

ಮಣ್ಣು ಮುಗಿಸಿ ಬಂದಾಗ ಬಿಸಿಲು ಇಳಿದಿತ್ತು. ಶರಣವ್ವ ಗೋಡೆಗೊರಗಿ ಕೂತಿದ್ದಳು. ಮುಂದೆ ಕಾರ್ಡುಗಳ ಕಟ್ಟು, ಪಕ್ಕದಲ್ಲಿ ಆ ಪೆಟ್ಟಿಗೆ. ಒಂದೊಂದು ಪೆನ್ನಿಗೂ ಅವಳ ಹಳೆಯ ಸೀರೆ ಸೆರಗಿನಲ್ಲಿ ಹೊಲಿದ ಚೀಲವಿತ್ತು.

“ನನಗ ಎರಡ ಸೀರಿ ಅಣ್ಣಾರ, ಇವಕ್ಕ ನೋಡ್ರಿ ಒಂದೊಂದಕ್ಕ ಒಂದೊಂದು ಅಂಗಿ” ಎಂದು ನಗಲು ಹೋಗಿ ಸೆರಗನ್ನು ಬಾಯಿಗೊತ್ತಿಕೊಂಡಳು.

ದಾನಪ್ಪನವರ ಕೈ ನೇರವಾಗಿ, ಚೀಲದ ಬಾಯಿಂದ ಇಣುಕುತ್ತಿದ್ದ ಹಸಿರು ಗೀರಿನ ಪೆನ್ನಿಗೆ ಹೋಯಿತು. ಇಂದಾದರೂ ಬೇಡವೆನ್ನಲು ಅವನಿಲ್ಲ.

“ಅದು ಬ್ಯಾಡ್ರಿ.”

“ನೀನೂ ಬ್ಯಾಡ ಅಂತಿ ಏನವಾ?”

“ಸಾವಿನ ಸುದ್ದಿ ಬರದ ಪೆನ್ನಿನಾಗ ಅವರು ಮತ್ತೇನೂ ಬರೀತಿರಲಿಲ್ಲ. ತೊಳದು ಇಟ್ಟಬಿಡತಿದ್ರು.”

“ಲಿಂಗ ಕಟ್ಟಿದವರಿಗೆ ಎಲ್ಲಿ ಸೂತಕ ತಂಗಿ?”

“ಸೂತಕ ಅಂತಲ್ಲರಿ. ಅತ್ತು ಬಂದ ಮನಷ್ಯಾನ್ನ ಮರುದಿನ ಮದುವಿ ಮನಿಗೆ ದುಡಿಯಾಕ ಕಳಸ್ತಾರೇನು, ಪೆನ್ನೂ ಹಂಗ ಅಂತಿದ್ರು. ಇನ್ನೊಬ್ಬರು ಸತ್ರ ಇನ್ನೊಂದು ಪೆನ್ನು. ಒಂದ ಪೆನ್ನು ಎಷ್ಟ ಮಂದೀನ ಹೊರಬೇಕು ಅಂತ.”

ದಾನಪ್ಪನವರು ಚೀಲಗಳನ್ನು ಒಂದೊಂದಾಗಿ ಬಿಚ್ಚಿದರು. ಎಲ್ಲದರಲ್ಲೂ ಒಂದು ಚೀಟಿ, ಚೀಟಿಯಲ್ಲೊಂದು ಹೆಸರು. ಗಿರಣಿಯವರು, ಚಾಳಿನವರು, ಬಾಣಂತನದಲ್ಲಿ ಹೋದ ಅಂಬವ್ವ. ಹಸಿರು ಗೀರಿನ ಪೆನ್ನಿನ ಚೀಲಕ್ಕೆ ಬರುವ ಹೊತ್ತಿಗೆ ಅವರಿಗೆ ಗೊತ್ತಾಗಿಹೋಗಿತ್ತು. ಆದರೂ ಓದಿದರು.

‘ಈರಣ್ಣ. ನಮ್ಮ ದಾನಪ್ಪನ ಮಗ. ಶ್ರಾವಣ ಸೋಮವಾರ. ಒಂಬತ್ತು ಕಾರ್ಡು.’

“ಹೇಳಬೇಕಿತ್ತಲ್ಲವಾ ನನಗ” ಎಂದರು ಚೀಟಿಯನ್ನು ಮಡಚುತ್ತ.

“ಮದುವಿ ಮನ್ಯಾಗ ಹೆಂಗ ಹೇಳ್ತಾರರಿ?” ಶರಣವ್ವ ಪೆಟ್ಟಿಗೆಯ ಮೂಲೆಯಿಂದ ಚೀಟಿಯಿಲ್ಲದ ಒಂದು ಪೆನ್ನು ತೆಗೆದಳು. “ನೀವು ತಿರುಗಿಸಿ ಕಳಿಸಿದ್ದು. ಇನ್ನೂ ಮಸಿ ಕಂಡಿಲ್ಲ. ಇದರಾಗ ಬರೀರಿ.”

ದಾನಪ್ಪನವರು ಅದನ್ನು ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡು ಒಳಜೇಬಿನಲ್ಲಿಟ್ಟರು. “ಇದನ್ನ ಅವ ಶುಭಕಾರ್ಯಕ್ಕ ತಂದಿದ್ದ. ಮಗಳಿಗೆ ದಿನ ತುಂಬ್ಯಾವು, ಹೆರಿಗಿ ಸುದ್ದಿ ಇದರಾಗ ಬರೀತೀನಿ.” ಆಮೇಲೆ ಅಂಗಿಯ ಮೇಲಿನ ಜೇಬಿನಿಂದ ತಮ್ಮ ಸವೆದ ಕರಿ ಪೆನ್ನು ತೆಗೆದು, ಇಪ್ಪತ್ತು ವರ್ಷ ಗಿರಣಿಯ ಹಾಜರಿ ಬರೆದ ಅದೇ ಪೆನ್ನಿನಲ್ಲಿ, ಬರೆಯತೊಡಗಿದರು. ಈ ಸಲ ಕೈಯಿಂದ ಪೆನ್ನು ತೆಗೆದುಕೊಂಡು ಬರೆಯುವವರು ಯಾರೂ ಇರಲಿಲ್ಲ. ಹನ್ನೊಂದು ಕಾರ್ಡನ್ನೂ ಅವರೇ ಮುಗಿಸಿದರು.

ಬಚ್ಚಲ ಮೂಲೆಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ಪೆನ್ನು ತೊಳೆದರು. ಮೊದಲು ಕಡುನೀಲಿ ನೀರು ಹರಿಯಿತು, ಆಮೇಲೆ ತಿಳಿನೀಲಿ. ನೀರು ಬರಿಯ ನೀರಾಗುವವರೆಗೆ ತೊಳೆದು, ಧೋತರದ ಅಂಚಿನಲ್ಲಿ ಒರೆಸಿ, ಗೆಳೆಯನ ಹೆಸರಿನ ಚೀಟಿ ಸುತ್ತಿ, ಹಸಿರು ಗೀರಿನ ಪೆನ್ನಿನ ಪಕ್ಕದಲ್ಲಿ ಮಲಗಿಸಿದರು.

“ಶಿವನೇ,” ಎಂದರು ಎದೆಯ ಲಿಂಗದ ಮೇಲೆ ಕೈಯಿಟ್ಟು, “ಮಂದಿ ದುಃಖಾ ಬರದು ಬರದು ದಣದಾನ. ಇನ್ನ ಆ ಕೈಗೆ ವಿಶ್ರಾಂತಿ ಕೊಡಪ್ಪಾ.”