ಗಾಜಿನ ಮೇಲಿನ ಗಿಳಿ

ಮೊಮ್ಮಗಳು ಕ್ಲಾಸಿನ ಟ್ಯಾಬ್ಲೆಟ್ ಮೇಲೆ ಬೆರಳಿನಿಂದ ಬರೆದ ಗಿಳಿಯನ್ನು ತೋರಿಸುತ್ತಿದ್ದಾಳೆ, ನನಗೆ ಯಾಕೋ ಗೊಂಬೆ ಬಣ್ಣದ ವಾಸನೆ ಬರುತ್ತಿದೆ.

ನಾನು ಅವಳಷ್ಟಿದ್ದಾಗ ನಮ್ಮ ಕಾನ್ವೆಂಟಿಗೆ ಸ್ಲೈಡ್ ಪ್ರೊಜೆಕ್ಟರ್ ಬಂದಿತ್ತು. ಸಿಸ್ಟರ್ ಎಲ್ಲರಿಗೂ ಒಂದೊಂದು ಗಾಜಿನ ತುಂಡು ಕೊಟ್ಟು, "ನಿಮಗೆ ಬೇಕಾದ ಪಿಕ್ಚರ್ ಬರೆದು ತನ್ನಿ, ಗೋಡೆ ಮೇಲೆ ದೊಡ್ಡದಾಗಿ ನೋಡೋಣ" ಎಂದಿದ್ದರು. ಗೋಕಾಕಿನಲ್ಲಿ ಮರದ ಗೊಂಬೆ ಮಾಡುತ್ತಿದ್ದ ಕಾಕಾನ ಪಕ್ಕ ಕುಳಿತು, ಅವನ ಗೊಂಬೆ ಬಣ್ಣದಿಂದಲೇ ನಾನು ಹಸಿರು ಗಿಳಿ ಬರೆದೆ. "ದಪ್ಪಗ ಹಚ್ಚವ್ವಾ, ಕಟಗಿ ಕಾಣಬಾರದು," ಎಂದು ಕಾಕಾ ಗೊಂಬೆಗೆ ಹೇಳುವ ಮಾತನ್ನೇ ಗಾಜಿಗೂ ಹೇಳಿದ. ಮೂರು ಸಲ ಹಚ್ಚಿದೆ.

ಮರುದಿನ ಮಧ್ಯಾಹ್ನ ಕ್ಲಾಸಿನ ಕಿಟಕಿ ಮುಚ್ಚಿ, ಗಾಜನ್ನು ಪ್ರೊಜೆಕ್ಟರಿನೊಳಗಿಟ್ಟು ನೋಡಿದರೆ ಗೋಡೆಯ ಮೇಲೆ ಬರೀ ಕರಿ ಮುದ್ದೆ. ಅಷ್ಟು ದಪ್ಪ ಬಣ್ಣವನ್ನು ದಾಟಿ ಬೆಳಕು ಬರಲೇ ಇಲ್ಲ.

"ಗಿಳಿ ಅಲ್ರಿ ಸಿಸ್ಟರ್, ಕಾಗಿ ಐತಿ," ಎಂದಳು ಬಾಜೂ ಬೆಂಚಿನ ಸುಮನ್. ಕ್ಲಾಸೆಲ್ಲ ನಕ್ಕಿತು. ನನ್ನ ಗಾಜನ್ನು ಇನ್ನು ಕಸದ ಬುಟ್ಟಿಗೆ ಹಾಕುತ್ತಾರೆಂದು ಅಳತೊಡಗಿದೆ.

ಸಿಸ್ಟರ್ ಚೂಪು ಮೊನೆಯ ಕಂಪಾಸನ್ನು ನನ್ನ ಕೈಗಿತ್ತು, "ಡೋಂಟ್ ಕ್ರೈ, ಚೈಲ್ಡ್. ಮೆಲ್ಲಗೆ ಕೆರೆದು ನೋಡು," ಎಂದರು. ಕಣ್ಣು, ಕೊಕ್ಕು, ರೆಕ್ಕೆಯ ಗರಿಗಳನ್ನು ಕೆರೆದೆ. ಗಾಜನ್ನು ಮತ್ತೆ ಒಳಗಿಟ್ಟಾಗ ಗೋಡೆಯ ತುಂಬ ಬೆಳಕಿನ ಗೆರೆಗಳ ಗಿಳಿ ಎದ್ದು ಕುಳಿತಿತು.

ಸುಮನ್ ನನ್ನ ಸ್ಕರ್ಟ್ ಜಗ್ಗಿದಳು. "ನಿಮ್ಮ ಕಾಕಾನ ಬಣ್ಣ ನನಗೂ ಒಂದೀಟ ತಂದ ಕೊಡ್ತಿಯೇನ?"