ಮೂಲ ಆಕರ

ಕಡತದಲ್ಲಿ ನಲವತ್ತೊಂದನೆಯ ಹಾಳೆ ಇರಲಿಲ್ಲ. ನಲವತ್ತರ ಮುಂದೆ ನೇರ ನಲವತ್ತೆರಡು. ನಡುವೆ ಬ್ಲೇಡಿನಿಂದ ಕೊಯ್ದ ಅಂಚು.

"ಇದನ್ನ ಕೊನೇಗೆ ಯಾರು ತಗೊಂಡಿದ್ರು?" ಸಂಶೋಧಕಿ ಕೇಳಿದಳು.

ಪತ್ರಾಗಾರದ ಗುಮಾಸ್ತ ಹಳೆಯ ರಿಜಿಸ್ಟರಿನ ಮೇಲೆ ಬೆರಳಾಡಿಸಿದ. "ಇಪ್ಪತ್ತು ವರ್ಷದ ಹಿಂದೆ. ನಿಮ್ಮ ಮೇಷ್ಟ್ರೇ ಕಣಮ್ಮ."

ಅವಳು ರಿಜಿಸ್ಟರನ್ನು ತನ್ನತ್ತ ತಿರುಗಿಸಿಕೊಂಡು ರುಜು ನೋಡಿದಳು.

ಮೂವತ್ತೈದು ವರ್ಷದ ಹಿಂದೆ ಪುಸ್ತಕ ಕಟ್ಟುವ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ಒಂಬತ್ತು ಹೆಂಗಸರು ಸತ್ತಿದ್ದರು. ಮೇಷ್ಟರ ಮಾರ್ಗದರ್ಶನದಲ್ಲಿ ಅವಳು ಬರೆಯುತ್ತಿದ್ದ ಪ್ರಬಂಧ ಅದರ ಮೇಲೆ. ಬಾಗಿಲಿಗೆ ಬೀಗವಿರಲಿಲ್ಲ, ಬಿಸಿಗೆ ಉಬ್ಬಿ ಬಿಗಿದುಕೊಂಡಿತ್ತು ಎಂದು ಎಲ್ಲ ಪುಸ್ತಕಗಳೂ ಬರೆದಿದ್ದವು. ಅಡಿಟಿಪ್ಪಣಿಗಳ ಬೆನ್ನು ಹತ್ತಿದಳು. ಹೊಸ ಪುಸ್ತಕಗಳು ಮೇಷ್ಟರ ಪುಸ್ತಕದತ್ತ ಕೈ ತೋರಿಸಿದವು. ಅದು ಪತ್ರಿಕೆಯ ವರದಿಯತ್ತ, ವರದಿ ವಿಚಾರಣೆಯ ಕಡತದತ್ತ. ಎಲ್ಲದರ ಬುಡದಲ್ಲಿದ್ದದ್ದು ಬದುಕುಳಿದ ಒಬ್ಬಳೇ ಕೆಲಸಗಾರ್ತಿಯ ಹೇಳಿಕೆ. ನಲವತ್ತೊಂದನೆಯ ಹಾಳೆ.

ಮೊದಲ ದಿನ ಪಾಠ ಹೇಳಿದವರೂ ಮೇಷ್ಟರೇ. "ಪುಸ್ತಕ ಓದಿದ್ದನ್ನ ಹೇಳುತ್ತೆ, ಪತ್ರಿಕೆ ಕೇಳಿದ್ದನ್ನ ಹೇಳುತ್ತೆ. ಕಣ್ಣಾರೆ ಕಂಡವರ ಮಾತು ಮಾತ್ರ ಮೂಲ ಆಕರ. ಆದರೆ ಕಂಡವರಿಗೂ ಭಯ ಇರುತ್ತಮ್ಮ."

ಮನೆಗೆ ಬಂದಾಗ ಅಮ್ಮ ಅವಳ ಜೆರಾಕ್ಸ್ ಹಾಳೆಗಳನ್ನು ಸೂಜಿದಾರದಲ್ಲಿ ಹೊಲಿಯುತ್ತಿದ್ದಳು. ಅಂಗಡಿಯವನಿಗಿಂತ ಅಚ್ಚುಕಟ್ಟು. ಕೊರೆಯುವ ಚಳಿಯಲ್ಲೂ ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಚಿಲಕ ಹಾಕಿದರೆ ಅಮ್ಮನಿಗೆ ಉಸಿರು ಕಟ್ಟುತ್ತಿತ್ತು. ಅಪ್ಪ ಹೋದ ಮೇಲಂತೂ ಬಚ್ಚಲಿಗೂ ಚಿಲಕವಿಲ್ಲ.

"ಮೇಷ್ಟ್ರು ಕಳ್ಳ ಕಣಮ್ಮ. ಬೀಗ ಇತ್ತು ಅಂತ ಅದರಲ್ಲಿ ಇದ್ದಿರಬೇಕು, ಮಾಲೀಕನನ್ನ ಉಳಿಸೋಕೆ ಹಾಳೇನೇ ಕಿತ್ತಿದ್ದಾರೆ. ಅವರ ಹತ್ತಿರಾನೇ ಸೇರು ಅಂತ ಹಟ ಹಿಡಿದೋಳು ನೀನು."

ಸೂಜಿ ನಿಂತಿತು. ಅಮ್ಮ ತಲೆಯೆತ್ತಲಿಲ್ಲ.

"ಬೈಬೇಡ. ಹೋಗಿ ಅವರನ್ನೇ ಕೇಳು."

ಮರುದಿನ ಬೆಳಗ್ಗೆ ಅವಳು ಮೇಷ್ಟರ ಕೋಣೆಯಲ್ಲಿ ಕುಳಿತುಕೊಳ್ಳಲೂ ಇಲ್ಲ.

"ಒಂಬತ್ತು ಜೀವ ಸರ್. ಮಾಲೀಕ ನಿಮಗೆ ಏನಾಗಬೇಕು?"

"ಅವನಿಗೋಸ್ಕರ ಮಾಡಿದ್ದಲ್ಲ," ಎಂದರು ಮೇಷ್ಟರು. ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. "ನನ್ನ ಪುಸ್ತಕ ಬಂದ ಮೇಲೆ ಆ ಹೇಳಿಕೆ ಕೊಟ್ಟಾಕೆ ತಾನಾಗಿ ಬಂದರು. ಹೇಳಿದ್ದನ್ನ ಹಾಗೇ ಬರಕೊಂಡೆ. ಆಮೇಲೆ ಆಕೆ ಹೆಸರಿದ್ದ ಒಂದೇ ಒಂದು ಹಾಳೆ ಕೊಯ್ದೆ. ಯಾರೂ ಹುಡುಕಿಕೊಂಡು ಹೋಗಬಾರದು ಅಂತ. ತಪ್ಪೇ. ನೀನು ಕೇಳಲಿ ಅಂತ ಕಾಯ್ತಿದ್ದೆ, ಕೇಳದೇ ಇರಲಿ ಅಂತಲೂ."

ಬೀರುವಿನಿಂದ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದು ಕೊಟ್ಟು, ಕಿಟಕಿಯತ್ತ ತಿರುಗಿ ನಿಂತರು. ಅವಳು ನಿಂತೇ ಓದಿದಳು. ಮೇಷ್ಟರ ದುಂಡನೆಯ ಅಕ್ಷರ, ಯಾರದೋ ಮಾತು.

'ದಾರ ತರೋಕೆ ಹೊರಗೆ ಹೋದೆ. ಹೊರಗೆ ಹೋದವರು ಬೀಗ ಹಾಕಬೇಕು ಅನ್ನೋದು ಮಾಲೀಕರ ನಿಯಮ. ಹಾಕಿದೆ. ವಾಪಸ್ ಬಂದಾಗ ಹೊಗೆ. ಕೀಲಿ ನನ್ನ ಕೈಯಲ್ಲೇ ಇತ್ತು. ಒಳಗಿಂದ ನನ್ನ ಹೆಸರು ಹಿಡಿದು ಕೂಗ್ತಿದ್ರು. ನಾನು ಓಡಿಹೋದೆ. ಬೆಂಕಿ ಆರಿದ ಮೇಲೆ ಮಾಲೀಕ ಬೀಗ ತೆಗೆಸಿದ. ಇರಲೇ ಇಲ್ಲ ಅನ್ನು ಅಂದ. ಅಂದೆ. ಅವರು ಈಗಲೂ ಕೂಗ್ತಾರೆ.'

ಇಷ್ಟು ವರ್ಷ ಈ ಹೆಂಗಸು ಹೇಗೆ ಉಂಡಳು, ಹೇಗೆ ಮಲಗಿದಳು ಎನಿಸಿತು. ಪುಟ ತಿರುಗಿಸಿದಳು. ಅಲ್ಲಿದ್ದದ್ದು ಇಷ್ಟೇ.

'ನನ್ನ ಮಗಳಿಗೆ ಈಗ ಆರು ವರ್ಷ. ದೊಡ್ಡವಳಾದ ಮೇಲೆ ನಿಮ್ಮ ಹತ್ತಿರಾನೇ ಓದೋಕೆ ಕಳಿಸ್ತೀನಿ. ಅವಳಾಗಿ ಬಂದು ಕೇಳಿದ ದಿನ ಇದನ್ನ ಕೊಡಿ.'