ಅತ್ತೆಗೆ ಬೆಳಿಗ್ಗೆ ಮಾತ್ರ ಕಾಣದ ಕಣ್ಣು

ಮನೆಯಲ್ಲಿ ಅರವತ್ತು ದಾಟಿದವರು ಯಾರಾದರೂ ಇದ್ದರೆ, ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು ಇದನ್ನೊಮ್ಮೆ ಓದಿ...

ತುಮಕೂರಿನ ಒಂದು ಬಾಡಿಗೆ ಮನೆ. ಗಂಡ, ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಯುಕೆಜಿ ಓದುವ ಒಬ್ಬಳೇ ಮಗಳು. ಜೊತೆಗೆ ಗಂಡನ ತಾಯಿ ದಾಕ್ಷಾಯಣಮ್ಮ.

ಸ್ಕೂಲ್ ವ್ಯಾನ್ ಮನೆ ಬಾಗಿಲಿಗೆ ಬರುವುದಿಲ್ಲ. ಬೆಳಿಗ್ಗೆ ಮೇನ್ ರೋಡ್ ದಾಟಿ ಆಚೆ ಬದಿಯಲ್ಲಿ ನಿಲ್ಲಬೇಕು. ಮಗುವನ್ನು ಅಲ್ಲಿಗೆ ಬಿಟ್ಟು ಬರುವುದು ಅಜ್ಜಿಯ ಕೆಲಸ.

ಒಂದು ದಿನ ದಾಕ್ಷಾಯಣಮ್ಮ ಸೊಸೆಗೆ ಹೇಳಿದರು...

"ಕಾವ್ಯಾ, ಇನ್ಮೇಲೆ ಮಗೂನ ರಸ್ತೆ ದಾಟಿಸೋದು ನನ್ನ ಕೈಲಿ ಆಗಲ್ಲ ಕಣಮ್ಮ. ಬೆಳಿಗ್ಗೆ ಹೊತ್ತು ಎಲ್ಲಾ ಮಂಜು ಮಂಜು. ಬೈಕು ಹತ್ರ ಬಂದಮೇಲೇ ಗೊತ್ತಾಗೋದು."

ಅತ್ತೆಗೆ ಆಗಲೇ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಲೆನ್ಸ್ ಹಾಕಿಸಿಯಾಗಿತ್ತು. ಆದರೂ ಕಾವ್ಯಾ ಅಂದೇ ಸಂಜೆ, ಆಫೀಸು ಬಿಟ್ಟ ಮೇಲೆ, ಅತ್ತೆಯನ್ನು ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದಳು.

ಬೋರ್ಡಿನ ಸಣ್ಣ ಅಕ್ಷರದವರೆಗೂ ಅತ್ತೆ ಓದಿದರು.

"ಪರ್ಫೆಕ್ಟ್ ಇದೆ ಮೇಡಂ. ಇದೇ ಕನ್ನಡಕ ಸಾಕು" ಎಂದ ಅಂಗಡಿಯವನು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಮಾತು... "ಮಂಜು ಕಣಮ್ಮ."

ಅದೇ ಸಂಜೆ ಮೊಮ್ಮಗಳ ಬೆರಳಿಗೆ ಚುಚ್ಚಿದ್ದ ಮರದ ಸಿಬಿರನ್ನು ಅತ್ತೆಯೇ ಪಿನ್ನಿನಿಂದ ನಾಜೂಕಾಗಿ ತೆಗೆದರು. ಕಾವ್ಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಇನ್ನೊಂದು ಸಂಜೆ ಬೇರೆ ಅಂಗಡಿಗೆ ಕರೆದೊಯ್ದಳು. ಅಲ್ಲೂ ಎಲ್ಲ ಸರಿ...

"ಅಮ್ಮನ ಕಣ್ಣು ಸರ್ಕಾರಿ ಆಫೀಸಿದ್ದ ಹಾಗೆ ಕಣೆ. ಹತ್ತೂವರೆ ಮೇಲೇ ಓಪನ್ನು" ಎಂದು ಗಂಡ ನಕ್ಕ.

ಕಾವ್ಯಾಳಿಗೆ ನಗು ಬರಲಿಲ್ಲ. ಗಂಡ ಅಷ್ಟೊತ್ತಿಗಾಗಲೇ ಕೆಲಸಕ್ಕೆ ಹೊರಟಿರುತ್ತಿದ್ದ. ಹಾಗಾಗಿ ಮಗಳನ್ನು ತಾನೇ ವ್ಯಾನಿಗೆ ಬಿಟ್ಟು ಬಸ್ಸು ಹಿಡಿಯುವಷ್ಟರಲ್ಲಿ ದಿನಾ ಲೇಟು. ಆಫೀಸಿನಲ್ಲಿ ಎಲ್ಲರ ಮುಂದೆ ಬೈಗುಳ.

"ಅತ್ತೆ, ಇಷ್ಟ ಇಲ್ಲ ಅಂದ್ರೆ ಇಲ್ಲ ಅಂತ ಹೇಳಿಬಿಡಿ. ಕಣ್ಣಿನ ಮೇಲೆ ಯಾಕೆ ಹಾಕ್ತೀರಾ?"

"ಇಷ್ಟ ಇಲ್ಲ ಅಂತ ಯಾರಂದ್ರಮ್ಮ... ಕಾಣಲ್ಲ ಅಂತ ಹೇಳ್ತಿರೋದು."

"ಸಂಜೆ ಸಿಬಿರು ಕಾಣುತ್ತೆ. ಬೆಳಿಗ್ಗೆ ಬಸ್ಸು ಕಾಣಲ್ಲ. ಅಲ್ವಾ?"

ಅತ್ತೆ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

ಕೊನೆಗೆ ಒಂದು ಶುಕ್ರವಾರ ಆಫೀಸಿನಲ್ಲಿ ವಾರ್ನಿಂಗ್ ಕೊಟ್ಟರು. ಸಂಜೆ ಮನೆಗೆ ಬಂದವಳೇ ಕಾವ್ಯಾ ಹೇಳಿದಳು, "ಸೋಮವಾರದಿಂದ ಮಗೂನ ನೀವೇ ಬಿಟ್ಟು ಬರಬೇಕು ಅತ್ತೆ. ಇನ್ನು ಲೇಟಾದ್ರೆ ನನ್ನ ಕೆಲಸ ಹೋಗುತ್ತೆ."

ದಾಕ್ಷಾಯಣಮ್ಮ "ಆಯ್ತಮ್ಮ" ಎಂದರು.

ಶನಿವಾರ ಅತ್ತೆಗೆ ಶುಗರ್ ಟೆಸ್ಟ್ ಇತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು... ಹಾಗಾಗಿ ಎದ್ದ ಕೂಡಲೇ ಅತ್ತೆ, ಸೊಸೆ ಆಸ್ಪತ್ರೆಗೆ ಹೊರಟರು. ರಕ್ತ ತೆಗೆದ ನರ್ಸ್, "ಶುಗರ್ ಇರೋರು ಕಣ್ಣೂ ತೋರಿಸ್ಕೊಂಡು ಹೋಗಿ" ಎಂದು ಪಕ್ಕದ ರೂಮಿಗೆ ಕಳಿಸಿದರು.

ಕಣ್ಣಿನ ಡಾಕ್ಟರ್ ಒಬ್ಬ ಹೆಂಗಸು. "ಮೇಲಿನ ದೊಡ್ಡ ಅಕ್ಷರ ಓದಿ ಅಜ್ಜಿ."

"ಬೆಳ್ಳಗೆ ಏನೋ ಇದೆ ತಾಯಿ... ಅಕ್ಷರ ಗೊತ್ತಾಗ್ತಿಲ್ಲ."

ಕಾವ್ಯಾಳ ಮುಖ ಕೆಂಪಾಯಿತು. "ಅತ್ತೆ, ಡಾಕ್ಟ್ರ ಹತ್ರನಾದ್ರೂ ಸರಿಯಾಗಿ ಹೇಳಿ."

ಡಾಕ್ಟರ್ ಯಂತ್ರದಲ್ಲಿ ಎರಡೂ ಕಣ್ಣನ್ನು ನಿಧಾನವಾಗಿ ನೋಡಿದರು. ಆಮೇಲೆ ಕೇಳಿದ್ದು ಒಂದೇ...

"ಅಜ್ಜಿ, ನೀವು ಎದ್ದು ಎಷ್ಟು ಹೊತ್ತಾಯ್ತು?"

"ಈಗ ತಾನೇ ಎದ್ದು ಬಂದೆ ತಾಯಿ."

ಡಾಕ್ಟರ್ ಸೊಸೆಯ ಕಡೆ ತಿರುಗಿದರು. "ಇಷ್ಟು ದಿನ ಇವರನ್ನ ಯಾವ ಹೊತ್ತಲ್ಲಿ ತೋರಿಸ್ತಿದ್ರಿ?"

"ಸಂಜೆ... ನನಗೆ ಬಿಡುವಾಗೋದು ಆಗಲೇ."

"ಕಣ್ಣಿನ ಮುಂಭಾಗದಲ್ಲಿ ಗಾಜಿನ ಥರ ಒಂದು ಪದರ ಇರುತ್ತೆ, ಕಾರ್ನಿಯಾ ಅಂತ. ಅದರೊಳಗೆ ನೀರು ನಿಲ್ಲದ ಹಾಗೆ ಹೊರಗೆ ಹಾಕೋ ಜೀವಕೋಶಗಳಿರ್ತವೆ. ವಯಸ್ಸಾಗ್ತಾ ಕೆಲವರಿಗೆ ಅವು ಕಡಿಮೆಯಾಗ್ತಾ ಬರ್ತವೆ. ರಾತ್ರಿಯೆಲ್ಲಾ ಕಣ್ಣು ಮುಚ್ಚಿರ್ತೀವಲ್ಲ, ನೀರು ಅಲ್ಲೇ ನಿಂತು ಆ ಗಾಜು ಊದಿಕೊಳ್ಳುತ್ತೆ. ಎದ್ದಾಗ ಮಂಜು. ಗಾಳಿ ತಾಗ್ತಾ ತಾಗ್ತಾ ಆರುತ್ತೆ. ಮಧ್ಯಾಹ್ನದ ಹೊತ್ತಿಗೆ ಕಾಣುತ್ತೆ. ಇವರು ಹೇಳ್ತಿರೋದು ಪೂರ್ತಿ ನಿಜ."

ಕಾವ್ಯಾಳಿಗೆ ನಿನ್ನೆ ತಾನು ಹೇಳಿದ್ದು ನೆನಪಾಯಿತು.

ನಾಡಿದ್ದು ಸೋಮವಾರ... ಅದೇ ಮೇನ್ ರೋಡು... ಏನೂ ಕಾಣದ ಅತ್ತೆಯ ಕೈಯಲ್ಲಿ ತನ್ನ ಮಗಳ ಕೈ...

ಹೊರಗೆ ಬೆಂಚಿನ ಮೇಲೆ ಕುಳಿತು ಕೇಳಿದಳು, "ಮತ್ತೆ ಸೋಮವಾರದಿಂದ ಹೋಗ್ತೀನಿ ಅಂತ ಯಾಕೆ ಒಪ್ಕೊಂಡ್ರಿ ಅತ್ತೆ?"

ದಾಕ್ಷಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಎಲ್ಲರೂ ಕಾಣುತ್ತೆ, ಕಾಣುತ್ತೆ ಅಂದ್ರಲ್ಲಮ್ಮ... ಸಂಜೆಯಾದ್ರೆ ನಂಗೂ ಕಾಣೋದು. ಬೆಳಿಗ್ಗೆ ನಾನೇ ಸುಳ್ಳು ಹೇಳ್ತಿದೀನೇನೋ ಅನ್ಕೊಂಡುಬಿಟ್ಟೆ."

ಕಾವ್ಯಾ ಆ ಕಾರಿಡಾರಿನಲ್ಲೇ, ಜನರೆದುರಿಗೇ, ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಈಗ ಬೆಳಿಗ್ಗೆ ಅತ್ತೆಗೆ ಡ್ರಾಪ್ಸ್ ಹಾಕುತ್ತಾಳೆ. ಡಾಕ್ಟರ್ ಹೇಳಿಕೊಟ್ಟಂತೆ ಹೇರ್ ಡ್ರೈಯರನ್ನು ಸಣ್ಣಗೆ ಇಟ್ಟು, ಕೈ ಉದ್ದಕ್ಕೆ ಚಾಚಿ ದೂರದಿಂದ ಮುಖಕ್ಕೆ ಗಾಳಿ ಬಿಡುತ್ತಾಳೆ. (ಡಾಕ್ಟರನ್ನು ಕೇಳದೆ ನೀವಾಗಿ ಮಾಡಬೇಡಿ.)

"ನನ್ನೇನು ಮದುವೆ ಹೆಣ್ಣು ಅನ್ಕೊಂಡಿದೀಯೇನೇ" ಎಂದು ಅತ್ತೆ ಗೊಣಗುತ್ತಾರೆ.

ಮಗುವನ್ನು ರಸ್ತೆ ದಾಟಿಸುವುದು ಈಗಲೂ ಕಾವ್ಯಾಳೇ. ಆಫೀಸಿನಲ್ಲಿ ಬೈಗುಳವೂ ತಪ್ಪಿಲ್ಲ. ಸಿಟ್ಟು ಈಗಲೂ ಬರುತ್ತದೆ... ಆದರೆ ಅತ್ತೆಯ ಮೇಲಲ್ಲ.

ಹಿರಿಯರ ನೋವು ನಮ್ಮ ಬಿಡುವಿನ ವೇಳೆ ನೋಡಿಕೊಂಡು ಬರುವುದಿಲ್ಲ.

ನಿಮ್ಮ ಮನೆಯ ಹಿರಿಯರು ಹೇಳಿ ಹೇಳಿ ಸಾಕಾಗಿ, ಈಗ ಹೇಳುವುದನ್ನೇ ಬಿಟ್ಟುಬಿಟ್ಟಿರುವ ಮಾತು ಯಾವುದು... ನಿಮಗೆ ನೆನಪಿದೆಯೇ?